ಎಡ್ನಾ ಗುರುತಿಸಿದ ಮಂಡಿ

ಎಡ್ನಾ ನಾರ್ಮನ್‌ನ ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದಳು. ಉದ್ದನೆಯ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಪರ್ಸಿ ಕಚ್ಚಿದ ಟೋಸ್ಟನ್ನು ತಟ್ಟೆಗೆ ಹಾಕಿದ. ನಲವತ್ತೈದು ವರ್ಷದ ಗಂಡಸಿಗೆ, ಅದೂ ಹತ್ತಿಮಿಲ್ಲಿನ ಮೇಸ್ತ್ರಿಗೆ, ಮುಳ್ಳು ತೆಗೆದುಕೊಳ್ಳಲು ಬರುವುದಿಲ್ಲವೇ? ಖಂಡಿತ ಬರುತ್ತದೆ. ಎಡ್ನಾ ತೆಗೆದುಕೊಟ್ಟರೆ ರುಚಿಯೇ ಬೇರೆ, ಅಷ್ಟೆ.

ಪಕ್ಕದಲ್ಲಿದ್ದ ಮುದುಕಿ ಪರ್ಸಿಯ ಪಕ್ಕೆಗೆ ಮೊಣಕೈಯಿಂದ ತಿವಿದಳು.

“ಆ ಇಬ್ಬರನ್ನ ನೋಡಪ್ಪ. ಮೊನ್ನೆ ಮೊನ್ನೆ ಪ್ರೀತಿ ಶುರುವಾದೋರ ಥರ ಇಲ್ವಾ?”

ಪರ್ಸಿ ಚಹಾಕ್ಕೆ ಮೂರನೇ ಸಲ ಸಕ್ಕರೆ ಹಾಕಿ ಕದಡಿದ.

ಅದು 1961ರ ಆಗಸ್ಟ್. ವರ್ಷಕ್ಕೊಮ್ಮೆ ಮಿಲ್ಲುಗಳ ಹೊಗೆ ನಿಲ್ಲುವ ವಾರ. ಲ್ಯಾಂಕಾಶೈರಿನ ಆ ಊರಿಗೆ ಊರೇ ಬೀಗ ಹಾಕಿಕೊಂಡು, ಸಮುದ್ರದ ದಂಡೆಯ ಇದೇ ರಜಾ ಶಿಬಿರಕ್ಕೆ ಬಂದಿಳಿಯುತ್ತಿತ್ತು. ಊರಲ್ಲಿ ಕಂಡ ಮುಖಗಳೇ ಇಲ್ಲಿಯೂ. ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಬೆಳಿಗ್ಗೆ ಏಳಕ್ಕೆ ಧ್ವನಿವರ್ಧಕ ಹಾಡು ಹೇಳಿ ಎಬ್ಬಿಸುತ್ತಿತ್ತು. ಆ ಕ್ಷಣದಿಂದ ಪರ್ಸಿಯ ಹೊಟ್ಟೆಯುರಿಯೂ ಶುರುವಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಎಡ್ನಾ ಹೆಣೆದ ಸ್ವೆಟರು. ಕಡುನೀಲಿ, ಎದೆಯ ಮೇಲೆ ಹೆಣಿಗೆಯ ಎರಡು ಜಡೆ. ಅದನ್ನು ನಾರ್ಮನ್ ಭಾನುವಾರದಿಂದ ಮೈಮೇಲಿಂದ ತೆಗೆದಿರಲಿಲ್ಲ. ಆ ಉಣ್ಣೆಯ ಲಡಿಯನ್ನು ಎರಡೂ ಕೈಗೆ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಕೂತಿದ್ದವನು ಪರ್ಸಿ. ಮಂಗಳವಾರ ಊರಿನ ಅಂಗಡಿಗಳೆಲ್ಲ ಅರ್ಧ ದಿನ. ಎಡ್ನಾಳ ಬೇಕರಿಯೂ ಮುಚ್ಚುತ್ತಿತ್ತು, ಪರ್ಸಿಯ ಗ್ರಾಮಫೋನ್ ರೆಕಾರ್ಡಿನ ಅಂಗಡಿಯೂ. ಅವನು ಹೊಸ ರೆಕಾರ್ಡುಗಳನ್ನು ಹಾಕುವುದು, ಅವಳು ಉಣ್ಣೆ ಸುತ್ತುತ್ತ ಗುನುಗುವುದು. ಎಷ್ಟೋ ಮಂಗಳವಾರಗಳು ಹಾಗೆ ಕಳೆದಿದ್ದವು. ನೀಲಿ ನನಗೆ ಒಪ್ಪುತ್ತದೆ ಎಂದು ಪೆದ್ದ ಪರ್ಸಿ ಮನಸ್ಸಿನಲ್ಲೇ ಹಿಗ್ಗಿದ್ದ.

ಬುಧವಾರದ ನೃತ್ಯಕೂಟದಲ್ಲಿ ಎಡ್ನಾ ನಾರ್ಮನ್‌ನ ಭುಜಕ್ಕೆ ತಲೆಯಿಟ್ಟಳು. ಗುರುವಾರ ದೋಣಿಗಳಿದ್ದ ಕೊಳದ ಹಿಂದೆ ಪರ್ಸಿ ಅವಳನ್ನು ಅಡ್ಡಗಟ್ಟಿದ.

“ಅವನ ಪಕ್ಕದಲ್ಲೇ ಕೂತ್ಕೋಬೇಕಾ?”

“ಇನ್ನೆಲ್ಲಿ ಕೂತ್ಕೊಳ್ಲಿ, ಹೇಳು.”

“ನೋಡೋಕಾಗ್ತಿಲ್ಲ ನನಗೆ.”

“ಹಾಗಾದ್ರೆ ನೋಡ್ಬೇಡ. ಹೀಗೆ ಕಣ್ಣಲ್ಲೇ ನುಂಗೋ ಹಾಗೆ ನೋಡ್ತಿದ್ರೆ ಇಡೀ ಊರಿಗೆ ಗೊತ್ತಾಗುತ್ತೆ.”

ಗೊತ್ತಾಗಲಿ ಎಂದ ಪರ್ಸಿ. ಇನ್ನು ತನ್ನಿಂದ ಸಹಿಸಲು ಆಗುವುದಿಲ್ಲ, ಶನಿವಾರ ಊರಿನ ಬಸ್ಸು ಹತ್ತುವುದರೊಳಗೆ ಅವಳು ತೀರ್ಮಾನ ಮಾಡಬೇಕು, ತಾನೋ ಅವನೋ ಎಂದ.

“ಅವರು ಒಳ್ಳೆಯವರು, ಪರ್ಸಿ. ನನ್ನ ಕಷ್ಟ ಅದೇ.”

ಶನಿವಾರದೊಳಗೆ ತೀರ್ಮಾನ ಹೇಳುತ್ತೇನೆ ಎಂದು ಮಾತು ಕೊಟ್ಟಳು. ನಾಳೆ ಮಂಡಿ ಪಂದ್ಯದಲ್ಲಿ ಮಾತ್ರ ನೀನು ವೇದಿಕೆ ಹತ್ತಬೇಡ ಎಂದು ಕೈ ಹಿಡಿದು ಬೇಡಿಕೊಂಡಳು. ಹತ್ತುವುದಿಲ್ಲ ಎಂದು ಅವನೂ ಮಾತು ಕೊಟ್ಟ.

ಶುಕ್ರವಾರದ ಮಂಡಿ ಪಂದ್ಯ ಎಂದರೆ ಶಿಬಿರಕ್ಕೇ ಹಬ್ಬ. ಪ್ಯಾಂಟು ಮಡಚಿ ಮಂಡಿ ತೋರಿಸುತ್ತ ಎಂಟು ಗಂಡಸರು ಸಾಲಾಗಿ ನಿಲ್ಲಬೇಕು. ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬರೀ ಮಂಡಿ ಮುಟ್ಟಿ, ತಮ್ಮ ತಮ್ಮ ಗಂಡ ಯಾರೆಂದು ಹೇಳಬೇಕು. ದಾರಿ ತಪ್ಪಿಸಲೆಂದು ಸಂಬಂಧವಿಲ್ಲದವರ ಮಂಡಿಗಳನ್ನೂ ನಡುವೆ ಸೇರಿಸುವುದು ರೂಢಿ. ನಾರ್ಮನ್ ಹಲ್ಲು ಕಿರಿಯುತ್ತ ಏಳನೆಯವನಾಗಿ ನಿಂತ. ಅವನ ಸಪೂರ ಕಾಲು ಕಂಡು ಜನ ಶಿಳ್ಳೆ ಹೊಡೆದರು.

ಪರ್ಸಿಗೆ ತಡೆಯಲಾಗಲಿಲ್ಲ. ಎಡ್ನಾಳ ಕಣ್ಣಿಗೆ ಬಟ್ಟೆ ಬಿಗಿಯುವವರೆಗೆ ಕಾದು, ಸದ್ದಿಲ್ಲದೆ ವೇದಿಕೆ ಹತ್ತಿ, ಪ್ಯಾಂಟು ಮಡಚಿ, ಇನ್ನೂ ಖಾಲಿಯಿದ್ದ ನಾಲ್ಕನೆಯ ಜಾಗದಲ್ಲಿ ನಿಂತುಬಿಟ್ಟ. ನಾಳೆಯ ತೀರ್ಮಾನ ಇವತ್ತೇ ಆಗಲಿ. ಅವಳ ಬಾಯಿ ಸುಳ್ಳು ಹೇಳೀತು, ಬೆರಳು ಹೇಳಲಾರವು ಎಂದು ಅವನ ಲೆಕ್ಕ.

ಮೊದಲ ಮಂಡಿ ಮುಟ್ಟಿ ಎಡ್ನಾ ತಲೆಯಾಡಿಸಿದಳು. ಎರಡನೆಯದಕ್ಕೆ ಮೂಗು ಮುರಿದಳು. ಮೂರನೆಯದನ್ನು ಮುಟ್ಟಿದ ತಕ್ಷಣ ಕೈ ಎಳೆದುಕೊಂಡಾಗ ಸಭಾಂಗಣ ನಕ್ಕಿತು. ಆಮೇಲೆ ಅವಳ ಬೆರಳು ಪರ್ಸಿಯ ಬಲಮಂಡಿಗೆ ಬಂದವು.

ಏಣಿಯಿಂದ ಬಿದ್ದಾಗ ಆದ ಮೂಳೆಯ ಗಂಟು ಅಲ್ಲಿತ್ತು. ಅದಕ್ಕೆ ಬಿಸಿ ಬಟ್ಟೆ ಒತ್ತಿದವಳು ಅವಳೇ. ಬೆರಳು ಗಂಟಿನ ಮೇಲೆ ನಿಂತವು. ಕಣ್ಣಿಗೆ ಕಟ್ಟಿದ ಬಟ್ಟೆಯ ಕೆಳಗೆ ಅವಳ ತುಟಿ ಬಿಳಿಚಿಕೊಂಡಿತು. ಅವಳಿಗೆ ಗೊತ್ತಾಗಿದೆ ಎಂಬುದು ಪರ್ಸಿಗೆ ಗೊತ್ತಾಯಿತು. ಹೇಳು, ಎಡ್ನಾ, ಒಂದೇ ಮಾತು ಹೇಳಿಬಿಡು ಎಂದು ಒಳಗೊಳಗೇ ಅಂಗಲಾಚಿದ.

ಅವಳು ಮುಂದೆ ಹೋದಳು.

ಐದು. ಆರು. ಏಳನೆಯ ಮಂಡಿಯನ್ನು ತಡವಲೂ ಇಲ್ಲ; ಎರಡೂ ಅಂಗೈಯನ್ನು ಅದರ ಮೇಲಿಟ್ಟು ಅಲ್ಲೇ ಕುಳಿತಳು.

“ಇವರೇ. ಬೇರೆ ಯಾರೂ ಅಲ್ಲ,” ಎಂದಳು, ಎಲ್ಲರಿಗೂ ಕೇಳಿಸುವಂತೆ.

ನಾರ್ಮನ್ ಕಣ್ಣೊರೆಸಿಕೊಂಡ. ಪರ್ಸಿಗೆ ಮಡಚಿದ ಪ್ಯಾಂಟು ಬಿಡಿಸಿಕೊಳ್ಳಲೂ ಕೈ ಬರಲಿಲ್ಲ.

“ಹದಿನೇಳು ವರ್ಷ ಸಂಸಾರ ಮಾಡಿದ ಗಂಡನ ಮಂಡಿ, ಮರೆಯೋದು ಹೇಗೆ ಸ್ವಾಮಿ? ಗ್ರಿಮ್‌ಶಾ ದಂಪತಿಗಳು, ನಾರ್ಮನ್ ಮತ್ತು ಎಡ್ನಾ, ಬಂದು ಬಹುಮಾನ ತಗೊಳ್ಳಿ,” ಎಂದು ಪಂದ್ಯ ನಡೆಸುತ್ತಿದ್ದ ಶಿಬಿರದ ಹಳದಿ ಕೋಟಿನವನು ಮೈಕಿನಲ್ಲಿ ಕೂಗಿದ, ಆಮೇಲೆ, ಊರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ, ಪರ್ಸಿಯ ಬೆನ್ನು ಚಪ್ಪರಿಸಿ, ಮುಂದಿನ ವರ್ಷವಾದರೂ ನೀವೂ ಒಂದು ಮದುವೆ ಮಾಡಿಕೊಂಡು ಬನ್ನಿ ಎಂದ.