ಆರನೇ ಟ್ರ್ಯಾಕು

"ನಿಮ್ಮ ಹಾಡಿನ ಆರನೇ ಟ್ರ್ಯಾಕಿನಲ್ಲಿ ಏನೂ ಕೇಳಿಸುತ್ತಿಲ್ಲ, ದಯವಿಟ್ಟು ಸರಿಮಾಡಿ ಹಾಕಿ" ಎಂದು ಯಾರೋ ಬರೆದಿದ್ದನ್ನು ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಗಟ್ಟಿಯಾಗಿ ಓದಿದಳು. ಗಿಟಾರ್ ರಿಪೇರಿ ಮಾಡುವ ಗಂಡ ಸೀಳುಬಿಟ್ಟ ಗಿಟಾರೊಂದಕ್ಕೆ ಆಗಷ್ಟೇ ಅಂಟು ಹಚ್ಚಿ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಹತ್ತು ನಿಮಿಷ ಕದಲುವಂತಿರಲಿಲ್ಲ. ಅವಳು ಸಮಯ ನೋಡಿಯೇ ಓದಿದ್ದಳು.

"ಯಾವ ಹಾಡು?"

"ನಮ್ದೇ ಕಣ್ರೀ. ಎಲ್ಲಾ ಟ್ರ್ಯಾಕೂ, ಒಂದೊಂದು ವಾದ್ಯದ್ದೂ ಬಿಡಿಬಿಡಿಯಾಗಿ ಇಂಟರ್ನೆಟ್ಟಿಗೆ ಹಾಕಿದೀನಿ. ಯಾರು ಬೇಕಾದ್ರೂ ತಗೊಳ್ಳಿ, ಜೊತೆಗೆ ನುಡಿಸಿ, ಹಾಡಿ, ಎಲ್ಲಾ ಪುಕ್ಕಟೆ ಅಂತ ಬರೆದಿದೀನಿ."

"ಹನ್ನೆರಡು ವರ್ಷ ಜೋಪಾನ ಮಾಡಿದ್ದನ್ನ ಬೀದಿಗೆ ಹಾಕಿದ್ಯಾ?"

"ಕಪಾಟಿನಲ್ಲಿಟ್ಟು ಉಪ್ಪಿನಕಾಯಿ ಹಾಕ್ಬೇಕಿತ್ತಾ?"

ಹನ್ನೆರಡು ವರ್ಷದ ಹಿಂದೆ ಆ ಹಾಡು ಈ ಅಂಗಡಿಯಲ್ಲೇ ಹುಟ್ಟಿತ್ತು. ಎರಡು ಗಿಟಾರು, ಬೇಸು ಅವನದು, ಡ್ರಮ್ಮಿಗೆ ಗೆಳೆಯನೊಬ್ಬನನ್ನು ಕಾಡಿ ಬೇಡಿ ಕರೆತಂದಿದ್ದ, ಹಾಡಿದವಳು ಹೆಂಡತಿ. ಆರನೆಯದು ಅವಳ ತಮ್ಮನ ಕೊಳಲು. ಅವನು ನುಡಿಸುವ ಮುಂಚೆ ಉಸಿರೆಳೆದರೆ ಕುಲುಮೆಯಲ್ಲಿ ತಿದಿ ಒತ್ತಿದಷ್ಟು ಸದ್ದು, ಅದಕ್ಕೇ ಮನೆಯಲ್ಲಿ ಅವನ ಹೆಸರೇ ತಿದಿ. ಭಾವನಾದ ಇವನು ಒಂದಿಡೀ ದಿನ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ರೆಕಾರ್ಡಿಂಗಿನಿಂದ ಒಂದೊಂದೇ ಉಸಿರನ್ನು ಕತ್ತರಿಸಿ ತೆಗೆದ. ಭೇಷ್ ಅನ್ನಿಸಿಕೊಳ್ಳುವ ಆಸೆ. ತಿದಿ ಪೂರ್ತಿ ಕೇಳಿ, "ಭಾವ, ಇದು ಹೆಣ ಕೊಳಲೂದಿದ ಹಾಗಿದೆ" ಅಂದ. ಮಾತಿಗೆ ಮಾತು ಬೆಳೆಯಿತು. ಭಾವ ಅವನ ಕಣ್ಣೆದುರಿಗೇ ಟ್ರ್ಯಾಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡಿದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ತಿದಿ ಅವತ್ತು ಮೆಟ್ಟಿಲಿಳಿದವನು ಮತ್ತೆ ಹತ್ತಲಿಲ್ಲ. ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ, ಅಷ್ಟೇ. ಬೇರೆ ಯಾರಿಂದಲಾದರೂ ಕೊಳಲು ನುಡಿಸಿಸಿ ಎಂದರೆ ಗಂಡ "ಆ ಜಾಗ ಯಾರಿಗೂ ಇಲ್ಲ" ಎನ್ನುತ್ತಿದ್ದ. ಜಾಗದ ಯಜಮಾನನನ್ನು ತಾನಾಗಿ ಕರೆಯಲು ಮಾತ್ರ ಅವನ ನಾಲಿಗೆ ಏಳುತ್ತಿರಲಿಲ್ಲ.

"ಹೋಗ್ಲಿ, ಖಾಲಿ ಟ್ರ್ಯಾಕ್ ಯಾಕೆ ಹಾಕ್ದೆ? ನಾಲ್ಕು ನಿಮಿಷ ಬರೀ ಮೌನ! ಜನ ನಗಲ್ವಾ?"

"ನಿಮ್ಮ ಕಂಪ್ಯೂಟರ್ ವಿದ್ಯೆ ನನಗೇನು ಗೊತ್ತು? ಎಲ್ಲದರ ಜೊತೆ ಅದೂ ಹೋಯ್ತು."

"ಮೊದಲು ತೆಗಿ ಅದನ್ನ."

ಹೂಂ ಅಂದಳು. ತೆಗೆಯಲಿಲ್ಲ. ಆ ಟ್ರ್ಯಾಕಿನ ಹೆಸರು 'ಕೊಳಲು' ಎಂದಿದ್ದದ್ದು 'ಕೊಳಲು, ಬರುವವರೆಗೆ ಖಾಲಿ' ಎಂದಾಗಿದ್ದನ್ನೂ ಅವನಿಗೆ ಹೇಳಲಿಲ್ಲ.

ಖಾಲಿ ಜಾಗ ಕಂಡರೆ ಜನ ಸುಮ್ಮನಿರುತ್ತಾರೆಯೇ? ವಾರದೊಳಗೆ ಯಾರೋ ಅಲ್ಲಿ ವಯೊಲಿನ್ ನುಡಿಸಿ ಕಳಿಸಿದರು. ಬಸ್ ಡ್ರೈವರೊಬ್ಬ ಡಿಪೋದಲ್ಲಿ ನಿಂತು ಶಿಳ್ಳೆ ಹಾಕಿ ಕಳಿಸಿದ. ಆಸ್ಪತ್ರೆಯ ನರ್ಸೊಬ್ಬಳು ಡ್ಯೂಟಿ ಮುಗಿದ ಮೇಲೆ ಬರೀ ಗುನುಗಿದ್ದಳು, ಹಿಂದಿನಿಂದ ಲಿಫ್ಟಿನ ಗಂಟೆ ಕೇಳುತ್ತಿತ್ತು. ಮೊದಮೊದಲು ಅವನು ಬೇಕೆಂದೇ ಜೋರಾಗಿ ಮರ ಉಜ್ಜುತ್ತಿದ್ದ. ನಾಲ್ಕನೆಯದಕ್ಕೆ ಉಜ್ಜುವುದು ನಿಧಾನವಾಯಿತು. "ಆ ಶಿಳ್ಳೆಯವನು ನನ್ನ ಬೇಸನ್ನ ಎಷ್ಟು ಚೆನ್ನಾಗಿ ಕೇಳಿಸ್ಕೊಂಡಿದಾನೆ ನೋಡು" ಎಂದು ಒಮ್ಮೆ ಬಾಯಿಬಿಟ್ಟ. ಅಲ್ಲಿಂದ ದಿನಾ ಅಂಗಡಿ ಬಾಗಿಲು ತೆಗೆಯುತ್ತಲೇ ಒಂದೇ ಪ್ರಶ್ನೆ: "ಇನ್ನೇನಾದ್ರೂ ಬಂತಾ?"

ಏನು ಬರಬೇಕಿತ್ತೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಗೊತ್ತಿದ್ದದ್ದನ್ನು ಏನು ಕೇಳುವುದು?

ಒಂದು ಮಧ್ಯಾಹ್ನ ಕಳಿಸಿದವರ ಹೆಸರಿಲ್ಲದೆ, ಒಂದಕ್ಷರ ಒಕ್ಕಣೆಯೂ ಇಲ್ಲದೆ ಒಂದು ಟ್ರ್ಯಾಕು ಬಂತು. ಹೆಂಡತಿ ಹಚ್ಚಿದಳು. ಅವಳ ಹಾಡು ಮುಗಿದು ಕೊಳಲಿನ ಸರದಿ ಬಂದಾಗ ಮೊದಲು ಕೇಳಿದ್ದು ಸ್ವರವಲ್ಲ, ಒಂದು ಉಸಿರು. ಹಿಂದೆಯೇ, ಯಾವತ್ತಿನಂತೆ ಅರ್ಧ ಬೀಟ್ ಮುಂಚೆಯೇ ನುಗ್ಗಿ, ಕೊಳಲು.

ತಂತಿ ಬಿಗಿಯುತ್ತಿದ್ದವನ ಕೈ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಅಂಟಿನ ಘಾಟು ಎನ್ನೋಣವೆಂದರೆ ಅವತ್ತು ಅಂಟಿನ ಡಬ್ಬಿಯನ್ನೇ ತೆರೆದಿರಲಿಲ್ಲ.

ಹಾಡು ಮುಗಿದ ಮೇಲೆ ಅವನು ಎದ್ದು ಬಂದು ಹೆಂಡತಿಯನ್ನು ಸರಿಸಿ ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಮೊದಲ ಸ್ವರಕ್ಕೆ ಮುಂಚೆ ಇದ್ದ ಆ ಸಣ್ಣ ಗೀಟಿನಂಥ ಉಸಿರನ್ನು ಹುಡುಕಿ ಹಿಡಿದ.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಮತ್ತೆ ಅದನ್ನ ಕತ್ತರಿಸ್ಬೇಡಿ."

"ಸುಮ್ನಿರೇ" ಅಂದ ಅವನು, ಕಣ್ಣೊರೆಸಿಕೊಂಡು. "ನಮ್ಮ ತಿದಿಗೆ ವಯಸ್ಸಾಯ್ತು, ಉಸಿರು ಸರಿಯಾಗಿ ಕೇಳಿಸ್ತಾನೇ ಇಲ್ಲ." ಆ ಉಸಿರೊಂದರ ಸದ್ದನ್ನಷ್ಟೇ ಮೆಲ್ಲಗೆ ಎರಡು ಗೆರೆ ಮೇಲಕ್ಕೇರಿಸಿದ.