ಮೂರು ಮಿಳ್ಳಿ ತುಪ್ಪ

ಚನಬಸವ್ವ ತುಪ್ಪದ ಮಿಳ್ಳಿಯನ್ನು ಮೂರನೇ ಸಲ ಬಗ್ಗಿಸಿದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಹರಿದು ತಾಟಿನ ಅಂಚಿಗೆ ಬಂದು ನಿಂತಿತು. ಕಿರಿಮಗ ರವಿಕುಮಾರ ಬೇಡವೆನ್ನುವಂತೆ ಕೈ ಅಡ್ಡ ಹಿಡಿದ. ಅವಳು ಬೆರಳ ಸಂದಿಯಿಂದಲೇ ಸುರಿದಳು. ಎದುರಿಗೆ ಕೂತಿದ್ದ ಅಣ್ಣ ಅಂಬರೀಶ ಎಣಿಸುತ್ತಿದ್ದ. ತಮ್ಮನಿಗೆ ಮೂರು. ತನಗೆ ಒಂದು, ಅದರಲ್ಲೂ ಅರ್ಧ ಮಿಳ್ಳಿಯಲ್ಲೇ ಉಳಿದಿತ್ತು.

ಈ ಎಣಿಕೆ ಇಂದಿನದಲ್ಲ. ಅಂಬರೀಶ ಹುಟ್ಟಿನಿಂದಲೇ ದುಂಡಗೆ, ರವಿ ಹುಟ್ಟಿನಿಂದಲೇ ಕಡ್ಡಿ. ದಪ್ಪಗಿದ್ದವನಿಗೆ ತುಪ್ಪ ಯಾಕೆ, ತೆಳ್ಳಗಿದ್ದವನ ಮೈಗೆ ಹತ್ತಲಿ ಎಂಬುದು ಅವ್ವನ ನಂಬಿಕೆ. ವಿಜಯಪುರ ಬಿಟ್ಟು ನಾಸಿಕ್‌ನಲ್ಲಿರುವ ಹಿರಿಮಗನ ಮನೆಗೆ ಬಂದು ಆರು ವರ್ಷವಾದರೂ ಅದು ಅಲುಗಿರಲಿಲ್ಲ. ಪಕ್ಕದ ದಿಂಡೋರಿಯಿಂದ ಹಾಲಿನ ತುಕಾರಾಮ ತರುವ ಎಮ್ಮೆಹಾಲಿಗೆ ದುಡ್ಡು ಕೊಡುವವನು ಅಂಬರೀಶ. ಕೆನೆ ಕೂಡಿಟ್ಟು ಕಡೆಯುವವಳು ಅವನ ಹೆಂಡತಿ ಮಂಗಲಾ. ತುಪ್ಪ ಮಾತ್ರ ತಿಂಗಳಿಗೊಂದು ಸ್ಟೀಲ್ ಡಬ್ಬಿ ತುಂಬಿಕೊಂಡು ಸಂಭಾಜಿನಗರದ, ಈ ಮನೆಯವರ ಬಾಯಲ್ಲಿ ಇನ್ನೂ ಔರಂಗಾಬಾದದ, ಬಸ್ಸು ಹತ್ತುತ್ತಿತ್ತು. ಅಲ್ಲಿ ಕೇಂದ್ರ ಸರಕಾರದ ನೌಕರಿಯಲ್ಲಿದ್ದು ಒಬ್ಬನೇ ಇರುವ ರವಿ ಎರಡನೇ ಶನಿವಾರ ಬಂದನೆಂದರೆ ಈ ಮನೆಯಲ್ಲಿ ಅಂದೇ ಹಬ್ಬ. ಹಬ್ಬದ ದಿನ ಅವನು ಬರದಿದ್ದರೆ ಅನ್ನ, ಸಾರು.

ಹೋದ ತಿಂಗಳು ಅಣ್ಣತಮ್ಮಂದಿರಿಬ್ಬರೂ ತಾವಿದ್ದ ಊರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದರು. ಅಪ್ಪ ನಲವತ್ತಾರಕ್ಕೆ ಎದೆ ಹಿಡಿದುಕೊಂಡು ಕುಸಿದವನು, ಅವನೂ ಕಡ್ಡಿಯೇ. ರವಿಗೆ ಈಗ ನಲವತ್ತನಾಲ್ಕು. ಅಂಬರೀಶ ಹೊಟ್ಟೆ ಸವರಿಕೊಳ್ಳುತ್ತ ಹೆದರಿಕೊಂಡೇ ವರದಿ ಬಿಚ್ಚಿದ್ದ. ನೂರರೊಳಗೆ ಇರಬೇಕಾದ ಕೆಟ್ಟ ಕೊಲೆಸ್ಟ್ರಾಲ್ ತೊಂಬತ್ತಾರು ಇತ್ತು. ಸಂಜೆ ರವಿ ತನ್ನದನ್ನು ಮೊಬೈಲಿಗೆ ಕಳಿಸಿದ. ಇನ್ನೂರ ಹನ್ನೆರಡು. ಅಂಬರೀಶ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಖುಷಿಯಾಯಿತು. ತಮ್ಮನಿಗಿಂತ ಕಡಿಮೆ ಸಿಕ್ಕದ್ದು ಒಳ್ಳೆಯದಾದದ್ದು ಇದೇ ಮೊದಲು.

ಡಾಕ್ಟರು ಹೇಳಿದ್ದನ್ನು ರವಿ ಫೋನಿನಲ್ಲಿ ತಿಳಿಸಿದ್ದ. ಮೈ ತೆಳ್ಳಗಿದ್ದ ಮಾತ್ರಕ್ಕೆ ರಕ್ತನಾಳ ಚೊಕ್ಕಟ ಇರಬೇಕೆಂದಿಲ್ಲ. ಇದು ತಂದೆಯಿಂದಲೇ ಬಂದಿರಬಹುದು. ಗುಳಿಗೆ ತಪ್ಪಿಸಬಾರದು. ತುಪ್ಪ, ಬೆಣ್ಣೆ, ಡಾಲ್ಡಾ ಬಿಟ್ಟು ಶೇಂಗಾ ಎಣ್ಣೆಯನ್ನೋ ಕುಸುಬೆ ಎಣ್ಣೆಯನ್ನೋ ಅಳತೆಯಿಂದ ಬಳಸಬೇಕು. ಕೊನೆಗೆ ರವಿ ಕೇಳಿಕೊಂಡಿದ್ದ: “ಅವ್ವಗ ಮಾತ್ರ ಹೇಳಬ್ಯಾಡೋ ಅಣ್ಣಾ. ಅಪ್ಪ ಹೋದ ಮ್ಯಾಲೆ ಎರಡು ವರ್ಷ, ನಾ ಮಲಗಿದಾಗ ಮೂಗಿನ ಹಂತೇಕ ಕೈ ಹಿಡದು ಉಸಿರು ನೋಡತಿದ್ಲು.” ಅಂಬರೀಶ ಆಯಿತು ಅಂದಿದ್ದ. ಆ ಎರಡು ವರ್ಷ ಪಕ್ಕದ ಹಾಸಿಗೆಯಲ್ಲಿ ತಾನು ಎಚ್ಚರವಾಗಿದ್ದದ್ದೂ, ಆ ಕೈ ತನ್ನ ಕಡೆ ಬಾರದ್ದೂ ಅವನಿಗೆ ನೆನಪಿತ್ತು.

ಈಗ ನಾಲ್ಕನೇ ಮಿಳ್ಳಿ ಮೇಲೆದ್ದಿತು.

“ಯವ್ವಾ, ಸಾಕು ಅವಂಗ.”

ಚನಬಸವ್ವ ಕೈ ತಡೆದು ಹಿರಿಮಗನ ಹೊಟ್ಟೆಯನ್ನೊಮ್ಮೆ ನೋಡಿದಳು. “ನಿನ್ನ ತಾಟ ನೋಡಿ ಉಣ್ಣಪಾ ನೀ. ನಲವತ್ತೆಂಟಾದ್ರೂ ತಮ್ಮನ ತಾಟಿನ ಮ್ಯಾಗಿನ ಕಣ್ಣ ಹೋಗಲಿಲ್ಲ ನಿಂದು.”

ಹಂಚಿನ ಮುಂದಿದ್ದ ಮಂಗಲಾ ನಗು ತಡೆದುಕೊಂಡಳು. ರವಿ ತಲೆ ಎತ್ತಲಿಲ್ಲ. ನಾಲ್ಕನೆಯದೂ ಬಿತ್ತು. ತಿನ್ನಲಿ, ಎಂದುಕೊಂಡ ಅಂಬರೀಶ. ಬಡಿಸುವವಳು ತಾಯಿ, ಉಣ್ಣುವವನು ಬಾಯಿ ಬಿಡುವುದಿಲ್ಲ, ಹೇಳಿದವನು ಹೊಟ್ಟೆಕಿಚ್ಚಿನವನು, ತನಗೇನು? ಆದರೂ ಮುರಿದ ಹೋಳಿಗೆಯನ್ನು ತಾಟಿನ ಬದಿಗೆ ಸರಿಸಿದ.

ಅಷ್ಟರಲ್ಲಿ ಅವ್ವ ಒಳಗಿನಿಂದ ಡಬ್ಬಿ ತಂದು ರವಿಯ ಬ್ಯಾಗಿನ ಪಕ್ಕ ಇಟ್ಟಳು. ಎರಡು ಕಿಲೋ ಇದೆಯೆಂದೂ, ಮುಂಜಾನೆ ರೊಟ್ಟಿಗೆ ಹಚ್ಚಿಕೊಳ್ಳಬೇಕೆಂದೂ, ಆ ಔರಂಗಾಬಾದದಲ್ಲಿ ಅವನನ್ನು ನೋಡುವವರು ಯಾರೂ ಇಲ್ಲವೆಂದೂ ಹೇಳಿದಳು. ರವಿ ಹೂಂ ಎಂದ. ಅವ್ವ ಕೊಟ್ಟದ್ದನ್ನು ಚೆಲ್ಲುವ ಜಾತಿಯವನಲ್ಲ ಅವನು. ಕೊನೆಯ ಹನಿಯವರೆಗೂ ತಿನ್ನುತ್ತಾನೆಂದು ಅಂಬರೀಶನಿಗೆ ಗೊತ್ತಿತ್ತು.

ಅಂಬರೀಶ ಎಂಜಲುಗೈಯಲ್ಲೇ ಎದ್ದು ಎಡಗೈಯಿಂದ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ.

“ಇದು ನನಗ ಬೇಕು. ಇನ್ನ ಮ್ಯಾಲೆ ಒಂದು ಡಬ್ಬಿನೂ ಔರಂಗಾಬಾದಕ್ಕ ಹೋಗಂಗಿಲ್ಲ. ಸಣ್ಣಾಂವಿದ್ದಾಗಿಂದ ಅವಂಗ ಮೂರು, ನನಗ ಒಂದು. ನಾ ಏನ್ ಮಂದಿ ಮಗನೇನು?”

ತಮ್ಮನ ಗುಟ್ಟು ಕಾಯಲು ಹೂಡಿದ ಮಾತು ಅದು. ಕೊನೆಯ ವಾಕ್ಯಕ್ಕೆ ಬರುವಾಗ ದನಿ ನಡುಗಿತು. ಅದನ್ನು ಅವನು ಹೂಡಿರಲಿಲ್ಲ.

ಹಂಚಿನ ಮೇಲೆ ಹೋಳಿಗೆ ಸೀಯುವ ವಾಸನೆ ಬಂದರೂ ಮಂಗಲಾ ತಿರುವಲಿಲ್ಲ. ಚನಬಸವ್ವ ಹಿರಿಮಗನನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

“ಇಷ್ಟು ಮನಸ್ಸಿನಾಗ ಇಟಗೊಂಡಿದ್ಯಾ? ಬಾಯಿ ಬಿಟ್ಟು ಕೇಳಬೇಕಿತ್ತಲ್ಲೋ ಹುಚ್ಚಾ.”

ಅವನ ಭುಜ ಅದುಮಿ ಕೂರಿಸಿ, ಡಬ್ಬಿಯ ಮುಚ್ಚಳ ತೆಗೆದು ಮಿಳ್ಳಿ ಅದ್ದಿದಳು. ಒಂದು. ಎರಡು. ಒಂದು ಕೈ ಬಡಿಸುತ್ತಿತ್ತು, ಇನ್ನೊಂದು ಅವನ ತಲೆಯ ಮೇಲಿತ್ತು. ಅಂಬರೀಶ ತುತ್ತು ಬಾಯಿಗಿಟ್ಟ. ಆ ರುಚಿಗೆ ಕಣ್ಣು ತಾನಾಗಿ ಮುಚ್ಚಿತು. ಬಿಟ್ಟಾಗ, ತಮ್ಮನ ಮುಖದಲ್ಲಿ ಉಪಕಾರದ ಒಂದು ನಗೆಯಾದರೂ ಇದ್ದೀತೆಂದು ಎದುರಿಗೆ ನೋಡಿದ.

ರವಿಯ ಕಣ್ಣು ಅಣ್ಣನ ತಾಟಿನ ಮೇಲಿತ್ತು. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಅವನು ಎಣಿಸುತ್ತಿದ್ದ.