ನವಲೂರಿನ ಏರಿನಲ್ಲಿ ಬೀಗರು

ಬಸ್ಸುಗಳೆಲ್ಲ ಪ್ರಯಾಣಿಕರ ಜಗಳದಿಂದಲೇ ಕರೆಂಟು ಹೀರಿಕೊಂಡು ಓಡುವ ಕಾಲ. ಅಂದು ಕಂಡಕ್ಟರ್ ನೀಲವ್ವನ ದುರ್ದೈವಕ್ಕೆ ಹತ್ತಿದವರೆಲ್ಲ ಸಭ್ಯರು. ಧಾರವಾಡಕ್ಕೆ ಹೊರಟ ಬಸ್ಸು ನವಲೂರಿನ ಏರಿನಲ್ಲಿ ನಿಂತು, ಮೆಲ್ಲಗೆ ಹುಬ್ಬಳ್ಳಿಯ ಕಡೆಗೇ ಜಾರತೊಡಗಿತು.

ನೀಲವ್ವ ಕಿಟಕಿ ಪಕ್ಕದ ಸೀಟಿನ ಮೇಲಿದ್ದ ಟವೆಲ್ ಎತ್ತಿ, ಅಲ್ಲಿ ಒಬ್ಬ ಅಜ್ಜನನ್ನು ಕೂರಿಸಿದಳು. ಬಾಗಿಲ ಬಳಿ ಗಾಳಿಗೆ ನಿಂತಿದ್ದ ಟವೆಲ್ಲಿನ ಯಜಮಾನ ಓಡಿಬಂದ.

“ಏ ಅಜ್ಜಾ, ಹಾಸಿದ್ದ ಟವೆಲ್ ಕಾಣ್ಲಿಲ್ಲೇನು?”

“ಟವೆಲ್ಲಿಗೆ ಟಿಕೀಟ್ ತಗೊಂಡೀಯೇನಲೇ?”

ಬಸ್ಸು ಚಿಮ್ಮಿತು. ಅಷ್ಟರಲ್ಲಿ ಹಾಳಾದ್ದು ಊರಿನ ಮಾತು ಬಂತು.

“ಅಣ್ಣಿಗೇರಿಯವರೇನ್ರಿ? ಹಂಗಾರ ನೀವು ನಮಗ ಬೀಗರಾಗಬೇಕು!”

ಇಬ್ಬರೂ ಕೈಕೈ ಹಿಡಿದುಕೊಂಡರು. ಬಸ್ಸು ಮತ್ತೆ ನಿಂತಿತು.

ನೀಲವ್ವ ಅಜ್ಜನ ಕಡೆ ಬಾಗಿ ಮೆಲ್ಲಗೆ ಕೇಳಿದಳು: “ಬೀಗರಂತೀರಿ, ಇವರ ಮನಿ ಮದುವಿಗೆ ನಿಮ್ಮನ್ನ ಕರದಿದ್ರೇನು?”

ಆಮೇಲೆ ಬಸ್ಸು ಬ್ರೇಕಿಗೂ ಬಗ್ಗಲಿಲ್ಲ. ಧಾರವಾಡದವರೆಲ್ಲ ಬೆಳಗಾವಿಯಲ್ಲಿ ಇಳಿದರು.